ಓಬಳಮ್ಮನ ಬಲಗೈ ಮತ್ತು ನನ್ನ ಸದ್ದು

ನಾನು ಒಂದು ಗೀಸರ್. ಇಪ್ಪತ್ತೈದು ಲೀಟರ್ ನೀರು ಹಿಡಿಯುವ, ಬಚ್ಚಲುಮನೆಯ ಗೋಡೆಗೆ ನೇತುಹಾಕುವ, ಕರೆಂಟಿನ ಗೀಸರ್. ಗೀಸರ್ ಆಗಿದ್ದೆ ಎಂದರೆ ಹೆಚ್ಚು ಸರಿ. ಈಗ ನನ್ನ ಮೇಲಿನ ಅರ್ಧ ಮಾತ್ರ ಉಳಿದಿದೆ, ಅದೂ ತಲೆಕೆಳಗಾಗಿ. ಇದು ಹೇಗಾಯಿತೆಂದು ಹೇಳುವ ಮೊದಲು ನನ್ನೊಳಗೆ ಏನೇನಿತ್ತು ಎಂದು ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಓಬಳಮ್ಮನದು ತಪ್ಪಿಲ್ಲ ಎಂಬುದು ನಿಮಗೆ ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ. ತಾಮ್ರದ ತಗಡನ್ನು ಬಗ್ಗಿಸಿ, ಬೆಸೆದು, ಒಳಮೈಗೆ ಕಲಾಯಿ ಹಾಕಿ ನನ್ನ ಟ್ಯಾಂಕು ಮಾಡಿದರು. ತಲೆ ಗುಂಡಗೆ, ಒಂದೂ ತೂತಿಲ್ಲದೆ ಇತ್ತು. ತೂತುಗಳೆಲ್ಲ ತಳದಲ್ಲಿದ್ದವು. ತಣ್ಣೀರು ಬರುವ ಪೈಪು, ಬಿಸಿನೀರು ಹೋಗುವ ಪೈಪು, ನೀರು ಕಾಯಿಸುವ ಕಾಯಿಲ್, ಕಾವು ಸಾಕಾದಾಗ ಕರೆಂಟು ಕಡಿಯುವ ಥರ್ಮೋಸ್ಟಾಟ್, ಎಲ್ಲವೂ ತಳದಿಂದಲೇ ಒಳಗೆ ಹೋಗುತ್ತಿದ್ದವು. ಥರ್ಮೋಸ್ಟಾಟಿಗೆ ಒಂದು ತಿರುಪು ಇತ್ತು. ಅದನ್ನು ಬಲಕ್ಕೆ ತಿರುಗಿಸಿದರೆ ನೀರು ಹೆಚ್ಚು ಕಾಯುತ್ತದೆ, ಎಡಕ್ಕೆ ತಿರುಗಿಸಿದರೆ ಕಡಿಮೆ. ಆ ತಿರುಪಿನ ಮೇಲೆ ತಗಡಿನ ಮುಚ್ಚಳ. ಮುಚ್ಚಳಕ್ಕೆ ಎರಡು ಸ್ಕ್ರೂ. ಸ್ಕ್ರೂಡ್ರೈವರ್ ಇಲ್ಲದೆ ಅದನ್ನು ಯಾರೂ ಮುಟ್ಟಲಾಗದು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನನ್ನ ಜೊತೆ ಒಂದು ಮಡಿಸಿದ ಕಾಗದವನ್ನೂ ಡಬ್ಬಿಯಲ್ಲಿಟ್ಟರು. ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆ ಟ್ಯಾಂಕು ಬಿಚ್ಚಿ ಸುಣ್ಣದ ಹೆಪ್ಪನ್ನು ತೆಗೆಸಬೇಕು ಎಂದು ಅದರ ಆರನೆಯ ಸಾಲಿನಲ್ಲಿ ಇತ್ತು.

ಮೊದಲ ನಾಲ್ಕು ವರ್ಷ ನಾನು ಮೈಸೂರಿನ ಸರಸ್ವತಿಪುರಂನಲ್ಲಿದ್ದೆ. ವಿಶಾಲಾಕ್ಷಿ ಎಂಬ ಬ್ಯಾಂಕ್ ಅಧಿಕಾರಿಯ ಮನೆ. ನಲ್ಲಿಯಲ್ಲಿ ಕಾವೇರಿ ನೀರು. ಬೆಳಿಗ್ಗೆ ಆರಕ್ಕೆ ಸ್ವಿಚ್ ಹಾಕುತ್ತಿದ್ದರು, ಆರೂವರೆಗೆ ನೀರು ಸಿದ್ಧ. ನನ್ನಿಂದ ಒಂದು ಸೊಲ್ಲೂ ಬರುತ್ತಿರಲಿಲ್ಲ. ಅವರಿಗೆ ಮಂಗಳೂರಿಗೆ ವರ್ಗವಾದಾಗ ನನ್ನನ್ನು ಪರಿಚಯದ ಓವರ್‌ಸಿಯರ್ ರೇಣುಕಯ್ಯನವರಿಗೆ ಕೊಟ್ಟರು. ಮಡಿಸಿದ ಕಾಗದವನ್ನೂ ಕೊಟ್ಟರು. "ಇದನ್ನ ಒಂದ್ಸಲ ಓದ್ಕೊಳಿ," ಎಂದರು. "ಇಪ್ಪತ್ತೆಂಟು ವರ್ಷ ಸರ್ವಿಸ್ ಆಗಿದೆ ಮೇಡಂ. ಚೆಕ್‌ಡ್ಯಾಮ್ ಕಟ್ಟಿಸಿದೋನಿಗೆ ಗೀಸರ್ ಓದಿ ತಿಳ್ಕೊಬೇಕಾ?" ಎಂದು ರೇಣುಕಯ್ಯನವರು ನಕ್ಕರು. ಕಾಗದ ಅವರ ಬೀರುವಿನಲ್ಲಿ, ಮನೆ ಕಂದಾಯದ ರಸೀದಿಗಳ ಕೆಳಗೆ ಸೇರಿತು.

ರೇಣುಕಯ್ಯನವರ ಮನೆ ಇದ್ದದ್ದು ಶಿರಾದಲ್ಲಿ. ಹೊಸ ಮನೆ, ಹೊಸ ಬಣ್ಣ, ಹಿತ್ತಿಲಲ್ಲಿ ಕೊಳವೆಬಾವಿ. ಆ ಬಾವಿಯ ನೀರು ಬಟ್ಟೆಗೆ ಸೋಪಿನ ನೊರೆ ಕಟ್ಟಗೊಡುತ್ತಿರಲಿಲ್ಲ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಗೆರೆ ಬಿಡುತ್ತಿತ್ತು. ನಾನು ಅದನ್ನು ಕಾಯಿಸಿದಂತೆಲ್ಲ ನೀರಿನಲ್ಲಿದ್ದ ಸುಣ್ಣ ನನ್ನ ತಳದಲ್ಲಿ ಉಳಿಯಿತು. ಮೊದಲು ಹಿಟ್ಟಿನಂತೆ, ಆಮೇಲೆ ಚಕ್ಕೆಯಂತೆ, ಕೊನೆಗೆ ಕಲ್ಲಿನಂತೆ. ಕಾಯಿಲ್ ಆ ಕಲ್ಲಿನೊಳಗೆ ಹುದುಗಿತು. ಕಲ್ಲಿನ ಸಂದಿಯಲ್ಲಿ ಸಿಕ್ಕ ನೀರು ಕುದಿದು, ಹಬೆಯಾಗಿ, ಹೊರಬರಲು ದಾರಿಯಿಲ್ಲದೆ ಸಿಡಿಯುತ್ತಿತ್ತು. ಅದೇ ನನ್ನ ಸದ್ದು. ಎರಡನೆಯ ವರ್ಷ ಒಗ್ಗರಣೆಯ ಸಾಸಿವೆ ಚಟಪಟ ಎಂದಂತೆ ಇತ್ತು. ಮೂರನೆಯ ವರ್ಷ ಡಬ್ಬಿಯಲ್ಲಿ ಜಲ್ಲಿಕಲ್ಲು ಹಾಕಿ ಉರುಳಿಸಿದಂತೆ ಆಯಿತು. ಆ ಹೊತ್ತಿಗೆ ಮನೆಗೆ ಮಗಳು ಶೈಲ ಬಾಣಂತನಕ್ಕೆ ಬಂದಳು.

ಶೈಲಳಿಗೂ ಕೂಸಿಗೂ ನೀರು ಹಾಕಲು ಓಬಳಮ್ಮನನ್ನು ಕರೆಸಿದರು. ಅರವತ್ತರ ಆಸುಪಾಸು. ನಲವತ್ತು ವರ್ಷ ಆಕೆ ಮಾಡಿದ್ದು ಅದೊಂದೇ ಕಸುಬು, ಬಾಣಂತಿಗೆ ಎಣ್ಣೆ ತಿಕ್ಕುವುದು, ನೀರು ಹಾಕುವುದು, ಕೂಸನ್ನು ನೀಡಿದ ಕಾಲಿನ ಮೇಲೆ ಮಲಗಿಸಿಕೊಂಡು ಮೀಯಿಸುವುದು. ಆ ಬೀದಿಯಲ್ಲಿ ಮೀಸೆ ಬಂದ ಎಷ್ಟೋ ಗಂಡಸರು ಅವಳ ಕಾಲ ಮೇಲೆ ಅತ್ತವರು.

ಅವಳು ನೀರಿನ ಕಾವು ನೋಡುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ. ಬಲಗೈಯನ್ನು ಮಣಿಕಟ್ಟಿನವರೆಗೆ ಬಕೆಟ್ಟಿನಲ್ಲಿ ಅದ್ದಿ ಎಣಿಸುವಳು. ಐದಕ್ಕೆ ಕೈ ತಾನಾಗಿ ಮೇಲೆ ಬಂದರೆ ಅದು ಬಾಣಂತಿಯ ಸೊಂಟದ ನೀರು. ಹತ್ತಾದರೂ ಕೈ ಒಳಗೇ ಇದ್ದರೆ ಅದು ಕೂಸಿನ ನೀರು. ಯಾವ ಮನೆಯಲ್ಲೂ ಬೇರೆ ಅಳತೆ ಕೇಳಿದವಳಲ್ಲ.

ಮೊದಲ ದಿನವೇ ನನ್ನ ಕೆಳಗೆ ನಿಂತು ತಲೆ ಎತ್ತಿ ಕೇಳಿದಳು. "ಏನಮ್ಮಾ ಇದು, ಹೊಟ್ಟೆನೋವು ಬಂದಂಗೆ ಗೊರಗುಡ್ತದೆ?"

ರೇಣುಕಯ್ಯನವರ ಹೆಂಡತಿ ಸರ್ವಮಂಗಳ ಬಾಗಿಲಲ್ಲಿದ್ದರು. "ಹಳೇದಾಯ್ತಲ್ಲ, ಅದಕ್ಕೇ. ಸದ್ದಿಗೆ ಮಗು ಬೆಚ್ಚಿಬೀಳುತ್ತೆ. ಇವರಿಗೆ ಹೇಳಿ ಹೇಳಿ ಸಾಕಾಯ್ತು."

"ಹಳೇದಲ್ಲ, ಒಳಗೆ ಸುಣ್ಣ ಕಟ್ಟೈತೆ. ಹಂಡೆ ತಳದಾಗೆ ಕಟ್ಟಿದ್ರೂ ಹಿಂಗೇ ಕೂಗ್ತದೆ. ಹುಣಸೆಹಣ್ಣು ನೆನೆಹಾಕಿ ಬಿಟ್ರೆ ಬಿಡ್ತದೆ. ಇದನ್ನ ಇಳಿಸೋಕೆ ಹೇಳ್ರಿ. ಅಟ್ಟದ ಮೇಲೆ ನಿಮ್ಮ ಹಳೇ ಹಂಡೆ ಐತಲ್ಲ, ಎಲ್ಡು ದಿನ ನಾನು ಸೌದೆ ಹಾಕಿ ಕಾಯಿಸ್ತೀನಿ."

ರೇಣುಕಯ್ಯನವರು ಒಳಗಿನಿಂದ ಕೂಗಿದರು. "ಹೊಸ ಬಣ್ಣದ ಗೋಡೆಗೆ ಹೊಗೆ ಹಿಡಿಸ್ತೀಯಾ? ಹುಣಸೆಹಣ್ಣಂತೆ! ಸಾರು ಮಾಡೋಕೆ ಹೊರಟಿದೀಯೇನು?"

"ಸಾರಿಗೆ ಬ್ಯಾಡ ಸ್ವಾಮಿ, ನಿಮ್ಮ ಗೀಸರಿಗೆ," ಎಂದಳು ಓಬಳಮ್ಮ. ಬಾಗಿಲ ಹಿಂದೆ ಶೈಲ ನಕ್ಕಳು. ರೇಣುಕಯ್ಯನವರು ನಗಲಿಲ್ಲ.

ಆ ಭಾನುವಾರ ಅವರು ನೋಟ್‌ಬುಕ್ಕು, ಸ್ಟೂಲು, ಸ್ಪಾನರ್ ಹಿಡಿದು ಬಂದರು. ಸದ್ದಿನ ಕಾರಣ ಒಂದೊಂದಾಗಿ ಪರೀಕ್ಷಿಸುವುದು ಅವರ ಕ್ರಮ. ಕ್ರಮದಲ್ಲಿ ತಪ್ಪಿರಲಿಲ್ಲ. ಪೈಪು ಗೋಡೆಗೆ ಬಡಿಯುತ್ತಿರಬಹುದೆಂದು ಕ್ಲಾಂಪಿನ ಹಿಂದೆ ರಬ್ಬರ್ ಇಟ್ಟರು. ಸದ್ದು ನಿಲ್ಲಲಿಲ್ಲ. ನೀರಿನ ಒತ್ತಡ ಹೆಚ್ಚಿರಬಹುದೆಂದು ವಾಲ್ವನ್ನು ಅರ್ಧ ಮುಚ್ಚಿದರು. ನಿಲ್ಲಲಿಲ್ಲ. ಪ್ಲಂಬರ್ ನಯಾಜ್‌ನನ್ನು ಕರೆಸಿದರು. ಅವನು ನನ್ನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದ.

"ಸುಣ್ಣ ಸಾರ್. ಕೆಳಗೆ ಗಟ್ಟಿ ಸೌಂಡು, ಮೇಲೆ ಟೊಳ್ಳು ಸೌಂಡು. ಇಳಿಸಿ ಕ್ಲೀನ್ ಮಾಡ್ಬೇಕು. ಎರಡು ದಿನ ಬಿಟ್ಟುಕೊಡಿ."

"ಓಬಳಮ್ಮ ಹೇಳಿಕೊಟ್ಟಳಾ?"

"ನಮ್ಮ ಬೀದಿಯೋರೇ ಅವರು, ಆದ್ರೆ ಇದನ್ನ ಅವರು ಯಾಕೆ ಹೇಳ್ಬೇಕು ಸಾರ್? ಬಡಿದ್ರೆ ಇದೇ ಹೇಳುತ್ತೆ."

ನಾಡಿದ್ದು ಬೀಗರು ಕೂಸು ನೋಡಲು ಬರುವವರಿದ್ದರು. ಬಚ್ಚಲಲ್ಲಿ ಗೀಸರ್ ಬಿಚ್ಚಿ ಹರಡಿಕೊಂಡಿರುವುದು ರೇಣುಕಯ್ಯನವರಿಗೆ ಬೇಡವಾಗಿತ್ತು. ನಯಾಜ್‌ನನ್ನು ಕಳಿಸಿಬಿಟ್ಟು, ತಾವೇ ನನ್ನ ತಳದ ಮುಚ್ಚಳ ತೆಗೆದರು. ತಿರುಪನ್ನು ಎಡಕ್ಕೆ, ಅರ್ಧ ಸುತ್ತು ತಿರುಗಿಸಿದರು.

ಸದ್ದು ನಿಂತಿತು. ನೀರು ಅಷ್ಟು ಕಾಯುತ್ತಲೇ ಇರಲಿಲ್ಲ, ಇನ್ನು ಸದ್ದು ಎಲ್ಲಿಂದ? ಸುಣ್ಣ ಇದ್ದಲ್ಲೇ ಇತ್ತು. ರೇಣುಕಯ್ಯನವರು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು ಕೆಳಗೆ ಗೆರೆ ಎಳೆದರು. ಬೀಗರು ಬಂದ ದಿನ ಅವರನ್ನು ಬಚ್ಚಲ ಬಾಗಿಲಿಗೇ ಕರೆತಂದು, "ಕೇಳಿ, ಏನಾದ್ರೂ ಕೇಳುತ್ತಾ? ಪ್ಲಂಬರ್ ಇಳಿಸ್ಬೇಕು ಅಂತಿದ್ದ. ನಾನು ಹತ್ತು ನಿಮಿಷದಲ್ಲಿ ಸರಿಮಾಡಿದೆ," ಎಂದರು. ಬೀಗರು ನನ್ನನ್ನು ನೋಡಿ ತಲೆಯಾಡಿಸಿದರು.

ಬೀಗಿತ್ತಿ ಉಳಿದುಕೊಂಡರು. ಮೊದಲ ಹತ್ತು ದಿನ ಓಬಳಮ್ಮ ಉಗುರುಬೆಚ್ಚಗಿನ ನೀರನ್ನೇ ಹಾಕಿದಳು. ಕೈ ಅದ್ದಿದರೆ ಹತ್ತಾದರೂ ಮೇಲೆ ಬರುತ್ತಿರಲಿಲ್ಲ. "ನೀರಲ್ಲಿ ಕಾವೇ ಇಲ್ಲ ತಾಯಿ," ಎಂದು ಶೈಲಳಿಗೆ ಹೇಳುವಳು. ಹತ್ತನೆಯ ದಿನ ಬೀಗಿತ್ತಿ ನಡುಮನೆಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ನಮ್ಮ ಕಡೆ ಬಾಣಂತಿಗೆ ಹಬೆಯಾಡೋ ನೀರು ಹಾಕ್ತೀವಿ. ನಿಮ್ಮಲ್ಲಿ ಹೆಂಗೋ ಏನೋ. ನಾಳೆ ಸೊಂಟ ಹಿಡಕೊಂಡ್ರೆ ಅನುಭವಿಸೋಳು ನಮ್ಮ ಮನೆ ಸೊಸೆ."

ಆ ಸಂಜೆ ಸರ್ವಮಂಗಳ, ಬೀಗಿತ್ತಿ ಇಬ್ಬರೂ ಗುಡಿಗೆ ಹೋದಾಗ ರೇಣುಕಯ್ಯನವರು ಒಬ್ಬರೇ ಬಚ್ಚಲಿಗೆ ಬಂದರು. ಸ್ಕ್ರೂಡ್ರೈವರ್ ತಂದಿದ್ದರು, ನೋಟ್‌ಬುಕ್ಕು ತಂದಿರಲಿಲ್ಲ. ಮುಚ್ಚಳ ತೆಗೆದು ತಿರುಪನ್ನು ಬಲಕ್ಕೆ, ಅದು ನಿಲ್ಲುವ ತನಕ ತಿರುಗಿಸಿದರು. ಥರ್ಮೋಸ್ಟಾಟಿನ ಕೊಳವೆಯ ಮೇಲೂ ಸುಣ್ಣ ಕಟ್ಟಿದೆ, ಕಾವು ಅದಕ್ಕೆ ತಡವಾಗಿ ಮುಟ್ಟುತ್ತದೆ, ತಿರುಪಿನ ಗುರುತು ತೋರಿಸುವುದಕ್ಕಿಂತಲೂ ನೀರು ಹೆಚ್ಚು ಕಾಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದ್ದು ಅವರ ತಪ್ಪೆಂದು ನಾನು ಹೇಳುವುದಿಲ್ಲ. ತಾವು ತಿರುಪು ಮುಟ್ಟಿದ್ದು ಅವರಿಗೆ ಗೊತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಓಬಳಮ್ಮ ಎಂದಿನಂತೆ ಬಂದಳು. ನನ್ನ ಸ್ವಿಚ್ ಹಾಕಿ ಕಾಲುಗಂಟೆಯಾಗಿತ್ತಷ್ಟೆ. ಮೊದಲ ಬಕೆಟ್ಟು ತುಂಬಿ, ಕೈ ಅದ್ದಿ ಎಣಿಸಿದಳು. ಹತ್ತಾಯಿತು. ಎಂದಿನ ನೀರೇ ಎಂದುಕೊಂಡಳು. ಶೈಲಳಿಗೆ ಕೋಣೆಯಲ್ಲಿ ಹರಳೆಣ್ಣೆ ತಿಕ್ಕಲು ಹೋದಳು. ಅದಕ್ಕೆ ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ನಾನು ಕಾಯುತ್ತಲೇ ಇದ್ದೆ. ಕರೆಂಟು ಕಡಿಯುವ ಕ್ಷಣ ಬರಲೇ ಇಲ್ಲ.

ಶೈಲಳನ್ನು ಮಣೆಯ ಮೇಲೆ ಕೂರಿಸುವಾಗ ಓಬಳಮ್ಮನಿಗೆ ನನ್ನ ಸದ್ದು ಕೇಳಿಸಿತು. ಹತ್ತು ದಿನ ಸುಮ್ಮನಿದ್ದವನು ಅಂದು ಗಾರೆ ಅರೆಯುವ ಕಲ್ಲಿನಂತೆ ಗೊರಗುಡುತ್ತಿದ್ದೆ. ಅವಳು ಬಾಗಿಲು ಸರಿಸಿ ಕೇಳಿದಳು. "ಸ್ವಾಮಿ, ಇದು ಮತ್ತೆ ಕೂಗ್ತಾ ಐತೆ. ಏನಾರ ಮಾಡಿದ್ರಾ?"

ನಡುಮನೆಯಲ್ಲಿ ಬೀಗಿತ್ತಿ ಕಾಫಿ ಕುಡಿಯುತ್ತಿದ್ದರು. ರೇಣುಕಯ್ಯನವರು ಎದುರಿಗೆ ಪೇಪರ್ ಹಿಡಿದಿದ್ದರು. ಪೇಪರಿನ ಹಿಂದಿನಿಂದಲೇ ಹೇಳಿದರು. "ಏನೂ ಮಾಡಿಲ್ಲ. ಅದು ಪೈಪಿನ ಸದ್ದು. ನೀನು ನಿನ್ನ ಕೆಲಸ ನೋಡು."

ಓಬಳಮ್ಮ ಬಾಗಿಲು ಮುಚ್ಚಿಕೊಂಡಳು.

ಬಾಣಂತಿಗೆ ನೀರು ಹಾಕಲು ಶುರುಮಾಡಿದ ಮೇಲೆ ಧಾರೆ ಕಡಿಯಬಾರದು, ನಡುವೆ ಮೈ ಆರಿದರೆ ಶೀತ ಹಿಡಿಯುತ್ತದೆ ಎಂಬುದು ಅವಳ ಕಸುಬಿನ ನೇಮ. ಅದಕ್ಕೇ ಬಕೆಟ್ಟಿನ ತಳ ಕಂಡೊಡನೆ ಇನ್ನೊಂದು ಬಕೆಟ್ಟು ತುಂಬುವ ತನಕ ಕಾಯದೆ ಚೊಂಬನ್ನು ನೇರ ನಲ್ಲಿಗೇ ಹಿಡಿಯುತ್ತಿದ್ದಳು. ಹತ್ತು ದಿನ ನಲ್ಲಿಯ ನೀರಿಗೂ ಬಕೆಟ್ಟಿನ ನೀರಿಗೂ ವ್ಯತ್ಯಾಸವಿರಲಿಲ್ಲ. ಅಂದೂ ಹಾಗೇ ಹಿಡಿದಳು. ನಲ್ಲಿ ಉಗುಳುತ್ತ, ಸಿಡಿಯುತ್ತ, ಬಿಳಿ ಹಬೆಯೊಂದಿಗೆ ನೀರು ಬಿಟ್ಟಿತು. ಚೊಂಬು ಆಗಲೇ ಶೈಲಳ ಭುಜದ ಮೇಲೆ ಬಾಗಿತ್ತು.

ನಾನು ನೋಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಶೈಲಳ ಭುಜದ ಮೇಲೆ ಬಿದ್ದದ್ದು ಅಂಗೈಯಗಲ. ಉಳಿದ ನೀರೆಲ್ಲ ಬಿದ್ದದ್ದು ಓಬಳಮ್ಮನ ಬಲಗೈ ಮೇಲೆ. ಅವಳು ಚೊಂಬನ್ನು ಕೆಳಗೆ ಹಾಕಲಿಲ್ಲ. ಹಾಕಿದ್ದರೆ ಅದು ಶೈಲಳ ಬೆನ್ನಿನ ಮೇಲೆ ಚೆಲ್ಲುತ್ತಿತ್ತು. ತನ್ನ ಕಡೆಗೆ ತಿರುಗಿಸಿಕೊಂಡಳು.

ಶೈಲಳ ಕೂಗಿಗೆ ಎಲ್ಲರೂ ಬಂದರು. ಸರ್ವಮಂಗಳ ಮಗಳನ್ನು ಸೀರೆಯಲ್ಲಿ ಸುತ್ತಿಕೊಂಡು, "ಕೈ ಇಟ್ಟು ನೋಡ್ಲಿಲ್ವಾ? ಕಣ್ಣು ಕಾಣಲ್ವಾ ನಿನಗೆ?" ಎಂದರು.

"ನೋಡ್ದೆ ಕಣಮ್ಮಾ. ಮೊದ್ಲು ಸರಿ ಇತ್ತು. ಆಮ್ಯಾಕೆ..." ಓಬಳಮ್ಮ ರೇಣುಕಯ್ಯನವರ ಮುಖ ನೋಡಿದಳು.

ಬೀಗಿತ್ತಿಯೂ ಅವರ ಮುಖ ನೋಡಿದರು. ಒಂದು ಮಾತು ಸಾಕಿತ್ತು. ರೇಣುಕಯ್ಯನವರು ಹೇಳಿದ ಮಾತು ಬೇರೆ. "ವಯಸ್ಸಾಯ್ತು ಅವಳಿಗೆ. ಕೈಗೆ ಕಾವು ತಿಳಿಯಲ್ಲ."

ಓಬಳಮ್ಮ ಎಡಗೈಯಲ್ಲಿ ಚೊಂಬನ್ನು ಮೆಲ್ಲಗೆ ಕೆಳಗಿಟ್ಟು, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂಬಾಗಿಲಿನಿಂದ ಹೋದಳು. ಅವಳ ಕೈಗೆ ಏನಾಯಿತೆಂದು ಯಾರೂ ಕೇಳಲಿಲ್ಲ. ಯಾರೋ ಬಂದು ನನ್ನ ಸ್ವಿಚ್ ಆರಿಸಿದರು. ಆಮೇಲೂ ಸ್ವಲ್ಪ ಹೊತ್ತು ನಾನು ಗೊರಗುಡುತ್ತಿದ್ದೆ. ನನಗೆ ಬರುತ್ತಿದ್ದ ಮಾತು ಅದೊಂದೇ.

ಶೈಲಳ ಭುಜ ಮೂರು ವಾರದಲ್ಲಿ ಮಾಯಿತು. ರೇಣುಕಯ್ಯನವರ ಮಾತು ಮಾಯಲಿಲ್ಲ. ಬೀಗಿತ್ತಿಯಿಂದ ಅಕ್ಕಪಕ್ಕದ ಮನೆಗೆ, ಅಲ್ಲಿಂದ ಬೀದಿಗೆ ಹೋಯಿತು. ಓಬಳಮ್ಮನ ಕೈಗೆ ಕಾವು ತಿಳಿಯಲ್ಲವಂತೆ. ಮುಂದಿನ ಮನೆಯ ಸೊಸೆಗೆ ಹೆರಿಗೆಯಾದಾಗ ಅವರು ತುಮಕೂರಿನಿಂದ ಯಾರನ್ನೋ ಕರೆಸಿದರು.

ಆ ದಿನದ ಮಧ್ಯಾಹ್ನವೇ ರೇಣುಕಯ್ಯನವರು ತಿರುಪನ್ನು ಮತ್ತೆ ಎಡಕ್ಕೆ ತಿರುಗಿಸಲು ಬಂದಿದ್ದರು. ಮುಚ್ಚಳದ ಸ್ಕ್ರೂ ಬಿಸಿಗೆ ಬಿಗಿದು ಬರಲಿಲ್ಲ. ಹಾಗೇ ಬಿಟ್ಟು ಹೋದರು. ಅಂದಿನಿಂದ ನನ್ನನ್ನು ಹತ್ತೇ ನಿಮಿಷ ಹಾಕಿ ಆರಿಸುತ್ತಿದ್ದರು. ಏಳು ತಿಂಗಳ ಮೇಲೆ ನನ್ನ ಕಾಯಿಲ್ ಸುಟ್ಟುಹೋಯಿತು. ರೇಣುಕಯ್ಯನವರು ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ, ನನ್ನನ್ನು ಇಳಿಸಲು ನಯಾಜ್‌ಗೆ ಹೇಳಿದರು.

ನಯಾಜ್ ಎಣ್ಣೆ ಬಿಟ್ಟು ಸ್ಕ್ರೂ ಸಡಿಲಿಸಿ ನನ್ನ ಮುಚ್ಚಳ ತೆಗೆದ. ತಳ ಬಿಚ್ಚಿದೊಡನೆ ಬಿಳಿ ಕಲ್ಲುಗಳು ಬಚ್ಚಲ ನೆಲದ ಮೇಲೆ ಸುರಿದವು. ಅರ್ಧ ಬಕೆಟ್ಟು ತುಂಬಿತು. ಅವನು ಅದನ್ನು ನೋಡಲಿಲ್ಲ. ತಿರುಪನ್ನು ನೋಡುತ್ತಿದ್ದ.

"ಇದು ಫುಲ್‌ನಲ್ಲಿದೆ ಸಾರ್. ಯಾರು ತಿರುಗಿಸಿದ್ದು?"

ರೇಣುಕಯ್ಯನವರು ಬಚ್ಚಲ ಬಾಗಿಲು ಮುಚ್ಚಿದರು.

"ಹೊರಗಿಂದ ಕೈ ಹಾಕೋಕೆ ಆಗಲ್ಲ. ಓಬಳಮ್ಮನ ಹತ್ರ ಸ್ಕ್ರೂಡ್ರೈವರ್ ಇರಲ್ಲ."

"ಗೊತ್ತು," ಎಂದರು ರೇಣುಕಯ್ಯನವರು. "ನೀನು ಯಾರಿಗೂ ಹೇಳ್ಬೇಡ."

ನಯಾಜ್ ಸ್ಪಾನರುಗಳನ್ನು ಚೀಲಕ್ಕೆ ಹಾಕಿಕೊಂಡ. "ನಾನು ಹೇಳಿದ್ರೆ ಯಾರು ನಂಬ್ತಾರೆ ಸಾರ್? ನೀವು ಹೇಳ್ಬೇಕಾದ ಮಾತು ಅದು." ನನ್ನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ.

ಅಂಗಡಿಯ ಮುಂದೆ ಅವನು ನನ್ನನ್ನು ಅಡ್ಡ ಕೊಯ್ದ. ತೂತುಗಳಿದ್ದ ತಳದ ಅರ್ಧ ಗುಜರಿಗೆ ಹೋಯಿತು. ತೂತಿಲ್ಲದ ಮೇಲಿನ ಅರ್ಧವನ್ನು ತಲೆಕೆಳಗು ಮಾಡಿ, ಅಂಚು ಮಡಿಸಿ, ಎರಡು ಹಿಡಿ ಬೆಸೆದ. ಹನ್ನೆರಡು ಲೀಟರ್ ಹಿಡಿಯುವ ತಾಮ್ರದ ಹಂಡೆಯಾದೆ. ಮೂರು ಮನೆ ಆಚೆ ಒಯ್ದು ಓಬಳಮ್ಮನ ಅಂಗಳದಲ್ಲಿಟ್ಟ. ತಿರುಪಿನ ವಿಷಯ ಅವಳೊಬ್ಬಳಿಗೆ ಹೇಳಿದ.

"ಅವತ್ತೇ ಗೊತ್ತಿತ್ತು ಕಣಪ್ಪ," ಎಂದಳು ಅವಳು. "ಕೇಳ್ದಾಗ ಪೇಪರ್ ಇಳಿಸ್ಲಿಲ್ಲ ಆವಯ್ಯ."

ವಾರಕ್ಕೊಮ್ಮೆ ಅವಳು ಹುಣಸೆಹಣ್ಣಿನಿಂದ ನನ್ನನ್ನು ತಿಕ್ಕಿದಳು. ಅದೇ ಊರಿನ ನೀರು, ಅದೇ ಸುಣ್ಣ. ಆದರೆ ಒಂದು ಚಕ್ಕೆಯೂ ನನ್ನ ಮೈಗೆ ಅಂಟಲಿಲ್ಲ. ಸೌದೆಯ ಮೇಲೆ ಕೂತು ಸದ್ದಿಲ್ಲದೆ ಕಾಯುವುದನ್ನು ಮತ್ತೆ ಕಲಿತೆ.

ಒಂದು ವರ್ಷ ಹೀಗೆ ಕಳೆಯಿತು. ಒಂದು ಮಧ್ಯಾಹ್ನ ರೇಣುಕಯ್ಯನವರು ಬಂದರು. ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತರು. ನನ್ನನ್ನು ನೋಡಿದರು, ಗುರುತು ಹಿಡಿದರೋ ಇಲ್ಲವೋ. "ತಪ್ಪು ನಂದು ಓಬಳಮ್ಮ. ತಿರುಪು ತಿರುಗಿಸಿದ್ದು ನಾನು. ಶೈಲಂಗೂ ಹೇಳಿದೀನಿ," ಎಂದರು.

ಓಬಳಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಂಗ್ಯಾಕೆ ಹೇಳ್ತೀರಿ ಸ್ವಾಮಿ? ಕೈಗೆ ಕಾವು ತಿಳಿಯಲ್ಲ ಅಂದಿದ್ದು ನಂಗಲ್ಲ, ಊರಿಗೆ. ಊರಿಗೇ ಹೇಳ್ರಿ."

ಅವರು ಹೇಳಿದರು. ಅದನ್ನು ನಾನು ಮುಚ್ಚಿಡಬಾರದು. ಪಕ್ಕದ ಮನೆಯ ಕೂಸಿನ ನಾಮಕರಣದ ದಿನ, ಊಟಕ್ಕೆ ಕೂತ ಇಡೀ ಪಂಕ್ತಿಯ ಮುಂದೆ ಎದ್ದು ನಿಂತು, ತಿರುಪಿನಿಂದ ಹಿಡಿದು ಪೇಪರಿನವರೆಗೆ ಎಲ್ಲವನ್ನೂ ಹೇಳಿದರಂತೆ. ಬಡಿಸುವವರು ಸೌಟು ಹಿಡಿದು ನಿಂತೇಬಿಟ್ಟರಂತೆ. ನಯಾಜ್ ಬಂದು ಹೇಳಿದ.

ನಾಲ್ಕು ದಿನದ ಮೇಲೆ ಶೈಲ ಬಂದಳು. ಕೂಸು ಈಗ ಓಡಾಡುತ್ತಿತ್ತು. ಹೊಟ್ಟೆಯಲ್ಲಿ ಇನ್ನೊಂದಿತ್ತು. "ನೀನೇ ಬರ್ಬೇಕು ಓಬಳಮ್ಮ. ಬೇರೆ ಯಾರೂ ನನಗೆ ಬೇಡ. ಅಪ್ಪನೇ ಹೇಳಿ ಕಳಿಸಿದಾರೆ. ಹಂಡೆ ಇಳಿಸಿ ಒಲೆ ಹಾಕಿಸಿದಾರೆ. ಗೋಡೆ ಕಪ್ಪಾದರೆ ಆಗಲಿ ಅಂತ."

ಓಬಳಮ್ಮ ನಕ್ಕಳು. ಒಲೆಯ ಮೇಲೆ ನಾನಿದ್ದೆ. ನೀರು ಹಬೆಯಾಡುತ್ತಿತ್ತು. ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಲಗೈಯ ಸೆರಗು ಸರಿಸಿದಳು. ಬೆರಳಿನಿಂದ ಮಣಿಕಟ್ಟಿನ ಮೇಲಿನವರೆಗೆ ಚರ್ಮ ನಯವಾಗಿ, ಬಿಳಚಿ, ಎಳೆದು ಹೊಲಿದಂತೆ ಇತ್ತು. ಆ ಕೈಯನ್ನು ನನ್ನೊಳಗೆ ಅದ್ದಿ ಎಣಿಸತೊಡಗಿದಳು.

"ಒಂದು. ಎಲ್ಡು. ಮೂರು."

ಐದಕ್ಕೆ ಮೇಲೆ ಬರಬೇಕಾದ ಕೈ ಅದು. ನಾಲ್ಕಕ್ಕೇ ಬರಬೇಕಿತ್ತು, ನೀರು ಅಷ್ಟು ಕಾದಿತ್ತು. ನಾನು ತಾಮ್ರ, ನನಗೆ ಗೊತ್ತು.

"ಐದು. ಆರು. ಏಳು."

"ಓಬಳಮ್ಮಾ!" ಶೈಲ ಅವಳ ಕೈ ಹಿಡಿದು ಮೇಲಕ್ಕೆಳೆದಳು. ತನ್ನ ಬೆರಳಿಗೇ ಬಿಸಿ ತಾಗಿ ಬಿಟ್ಟುಬಿಟ್ಟಳು.

"ನೋಡ್ದ್ಯಾ ತಾಯಿ? ಅವತ್ತು ನಿಮ್ಮಪ್ಪ ಸುಳ್ಳು ಹೇಳಿದ್ರು. ಈಗ ಅದೇ ನಿಜ ಆಗೈತೆ."

"ಎಡಗೈ ಇದೆಯಲ್ಲ?"

"ಎಡಗೈ ಕಲಿತಿಲ್ಲ ತಾಯಿ. ನಲವತ್ತು ವರ್ಷ ಕಲ್ತಿದ್ದು ಇದೊಂದೇ."

ಶೈಲ ಅಳುತ್ತ ಹೋದಳು. ಮಗು ಹಿಂದಿರುಗಿ ನೋಡುತ್ತ ಹೋಯಿತು.

ನನಗೆ ಈಗ ವಯಸ್ಸಾಗಿದೆ. ಹಿಡಿಯ ಬೆಸುಗೆ ಸಡಿಲವಾಗಿದೆ. ನಯಾಜ್ ಮತ್ತೆ ಬೆಸೆದುಕೊಡುತ್ತೇನೆಂದು ಹೇಳಿದ್ದಾನೆ. ಓಬಳಮ್ಮ ಈಗ ತನ್ನೊಬ್ಬಳ ಸ್ನಾನಕ್ಕೆ ಮಾತ್ರ ನನ್ನನ್ನು ಒಲೆಗೇರಿಸುತ್ತಾಳೆ. ಅಭ್ಯಾಸಬಲದಿಂದ ಮೊದಲು ಬಲಗೈಯನ್ನೇ ಅದ್ದುತ್ತಾಳೆ. ಅದ್ದಿದ ಮೇಲೆ ನೆನಪಾಗಿ, ಮುಖ ಬಗ್ಗಿಸಿ ಹಬೆಯನ್ನು ನೋಡುತ್ತಾಳೆ. ಹುಣಸೆಹಣ್ಣಿನಿಂದ ತಿಕ್ಕಿದ ಮೈ ನನ್ನದು, ಕನ್ನಡಿಯಂತಿದೆ. ಎಷ್ಟು ಕಾದರೂ ಸದ್ದಿಲ್ಲ.

ಎಲ್ಲರೂ ನನ್ನ ಸದ್ದನ್ನು ನಿಲ್ಲಿಸಲು ನೋಡಿದರು. ಕಿವಿಗೊಟ್ಟು ಕೇಳಿದವಳು ಒಬ್ಬಳೇ. ಆ ಕೈ ನೀರಿಗಿಳಿಯುವಾಗ ಒಂದೇ ಒಂದು ಸಲ ಗೊರಗುಡಲು ಬಂದಿದ್ದರೆ ಎಂದು ದಿನವೂ ಅಂದುಕೊಳ್ಳುತ್ತೇನೆ.